ತವರದ ಗೋಳು

ನಮ್ಮ ಅಕ್ಕನ ಮಗ ಮೈಸೂರಲ್ಲಿ ಪಿಯುಸಿ ಓದ್ತಾನೆ, ಅಂದ್ರೆ ಓದ್ತಾನೆ ಅಂತ ಅಕ್ಕ ನಂಬಿದಾಳೆ. ಬೆಂಗಳೂರಲ್ಲಿ ತೆಪ್ಪಗೆ ಕೂತಿದ್ದ ನನಗೆ ವಾಲ್‌ಹೈಮ್ ಅನ್ನೋ ಕಂಪ್ಯೂಟರ್ ಗೇಮಿನ ಹುಚ್ಚು ಹಿಡಿಸಿದ್ದು ಅವನೇ, ಅವನು ಅಲ್ಲಿಂದ ನಾನು ಇಲ್ಲಿಂದ ಆನ್‌ಲೈನಲ್ಲಿ ಒಟ್ಟಿಗೆ ಆಡೋದು. 2021ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಒಂದು ಪುಟ್ಟ ಟೀಮ್ ಬಿಟ್ಟ ಗೇಮ್ ಅದು. ಸತ್ತ ವೈಕಿಂಗ್, ಅಂದ್ರೆ ಹಳೇ ಕಾಲದ ಉತ್ತರ ಯೂರೋಪಿನ ಕಡಲ್ಗಳ್ಳ, ಒಬ್ಬನ್ನ ಹತ್ತನೇ ಲೋಕ ಅಂತ ಒಂದಕ್ಕೆ ತಂದು ಬಿಸಾಕ್ತಾರೆ, ಅಲ್ಲಿಂದಾಚೆ ಮರ ಕಡಿ, ಕಲ್ಲು ಆರಿಸು, ಮನೆ ಕಟ್ಟು, ನಿನ್ನ ಹಣೆಬರಹ. "ಮಾಮ, ಫೋರ್ಜ್ ಒಂದು ಆಗ್ಬಿಟ್ರೆ ಲೈಫ್ ಸೆಟ್ಲು" ಅಂದ. ನಲವತ್ತೆರಡು ವರ್ಷದಲ್ಲಿ ನನಗೆ ಯಾರೂ ಹಂಗೆ ಭರವಸೆ ಕೊಟ್ಟಿರ್ಲಿಲ್ಲ, ನಂಬ್ಬಿಟ್ಟೆ.

ಫೋರ್ಜ್ ಅಂದ್ರೆ ನಮ್ಮ ಕುಲುಮೆನೇ. 4 ಕಲ್ಲು, 4 ಇದ್ದಿಲು, 10 ಸೌದೆ, 6 ತಾಮ್ರ, ಇಷ್ಟಿದ್ರೆ ಕುಲುಮೆ ರೆಡಿ. ಓದಕ್ಕೆ ಹುರುಳಿ ಸಾರಿನ ರೆಸಿಪಿಗಿಂತ ಸಲೀಸು. ಆದ್ರೆ ತಾಮ್ರ ಕರಗಿಸಕ್ಕೆ ಸ್ಮೆಲ್ಟರ್ ಬೇಕು, ಅದಕ್ಕೆ 20 ಕಲ್ಲು ಮತ್ತೆ 5 ಸರ್ಟ್ಲಿಂಗ್ ಕೋರ್ ಅನ್ನೋ ಬೆಂಕಿ ಕಾವಿರೋ ಗಟ್ಟಿ. ಇದ್ದಿಲು ಸುಡೋ ಗೂಡಿಗೆ ಇನ್ನೊಂದು 20 ಕಲ್ಲು, ಇನ್ನೊಂದು 5 ಕೋರ್. ಆ ಕೋರ್ ಇರೋದು ಕಪ್ಪು ಕಾಡಿನೊಳಗಿನ ಗೋರಿಗಳಲ್ಲಿ, ಒಳಗೆ ಅಸ್ಥಿಪಂಜರಗಳು ಕತ್ತಿ ಹಿಡ್ಕೊಂಡು ಕಾಯ್ತಾ ಇರ್ತವೆ. ತಾಮ್ರ ಅಗೆಯೋ ಗುದ್ದಲಿಗೆ ಜಿಂಕೆ ರಾಕ್ಷಸನೊಬ್ಬನ್ನ ಹೊಡೆದು ಕೊಂಬು ತರ್ಬೇಕು. ಕೊಂಬೇನೋ ಹುಡುಗ ತಂದ, ಗೋರಿಗೂ ಅವನೇ ಇಳಿದ, ನಾನು ಬಾಗಿಲಲ್ಲಿ ಪಂಜು ಹಿಡ್ಕೊಂಡು ನಿಂತಿದ್ದೆ, ಮದುವೆಮನೇಲಿ ಸೋದರಮಾವ ನಿಂತಂಗೆ.

ಒಂದು ವಿಷಯದಲ್ಲಿ ಮಾತ್ರ ಕ್ರೆಡಿಟ್ ಪೂರ್ತಿ ನಂದು. ಈ ಗೇಮಲ್ಲಿ ಮಾಂಸ ಬೆಂಕಿ ಮೇಲೆ ಜಾಸ್ತಿ ಹೊತ್ತು ಬಿಟ್ರೆ ಸೀದು ಇದ್ದಿಲಾಗತ್ತೆ. ನಮ್ಮ ಕುಲುಮೆಯ ಮೊದಲ 4 ಇದ್ದಿಲು ನಾನು ಪ್ರೀತಿಯಿಂದ ಬೇಯಿಸಕ್ಕೆ ಹೋದ ಜಿಂಕೆ ಮಾಂಸ. ಪಕ್ಕದಲ್ಲಿ ಕೂತು ನೋಡ್ತಿದ್ದ ಹೆಂಡತಿ "ಪರವಾಗಿಲ್ಲ, ಗೇಮಲ್ಲಾದ್ರೂ ಉಪಯೋಗಕ್ಕೆ ಬಂತು" ಅಂದು ಎದ್ದು ಹೋದ್ಲು.

ಆಮೇಲೆ ಇದ್ದಿಲು ಗೂಡು ಕಟ್ಟಿದ್ದು, ಎಲ್ಲಿ ಅಂದ್ರೆ ಮನೆಯೊಳಗೆ. ಮಳೆ ಬರ್ತಿತ್ತು ಸ್ವಾಮಿ, ಯಾರಾದ್ರೂ ಆಚೆ ಕಟ್ತಾರಾ? ಬಾಗಿಲು ಹಾಕ್ಕೊಂಡು 25 ಸೌದೆ ತುಂಬಿಸಿ ನಿಂತೆ. ಐದಾರು ಇದ್ದಿಲು ಉದುರಿರ್ಬೇಕು, ಅಷ್ಟರಲ್ಲಿ ಹೊಗೆ ಸೂರಿಗೆ ತಾಗಿ ಕೆಳಗೆ ಇಳಿದು ನನ್ನ ತಲೆ ಮಟ್ಟಕ್ಕೆ ಬಂತು, ವೈಕಿಂಗ್ ಖೊಕ್ ಖೊಕ್ ಅಂತ ಕೆಮ್ಮಕ್ಕೆ ಶುರು, ಜೀವದ ಕೆಂಪು ಗೆರೆ ಸರಸರ ಇಳೀತಿದೆ, ಗೂಡೂ ಉಸಿರು ಕಟ್ಟಿ ಆಫ್ ಆಗಿದೆ, ನಾನು ಬಾಗಿಲು ಹುಡುಕ್ತಾ ಗೋಡೆ ತಡಕಾಡ್ತಿದೀನಿ. ನಮ್ಮಜ್ಜಿ ಅಡುಗೆಮನೆ ಸೂರಲ್ಲಿ ಗವಾಕ್ಷಿ ಯಾಕಿತ್ತು ಅಂತ ಅವತ್ತು ಅರ್ಥ ಆಯ್ತು, ನಾನು ಚಂದಮಾಮ ನೋಡಕ್ಕೆ ಅಂದ್ಕೊಂಡಿದ್ದೆ. ಸರಿ ಅಂತ ಇಡೀ ಸೂರು ಕಿತ್ತು ಹಾಕಿದ್ರೆ ಕುಲುಮೆ ಮುನಿಸ್ಕೊಳ್ತು, ಅದಕ್ಕೆ ಮೇಲೆ ಸೂರಿದ್ರೇನೇ ಕೆಲಸ. ಗೂಡಿಗೆ ಆಕಾಶ ಬೇಕು, ಕುಲುಮೆಗೆ ಮಾಡು ಬೇಕು. ಅತ್ತೆ ಸೊಸೆ ಇಬ್ಬರಿಗೂ ಬೇರೆ ಬೇರೆ ಮನೆ ಮಾಡಿಕೊಟ್ಟಂಗೆ ಮಾಡಿ ಮುಗಿಸಿದೆ.

ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿದೆ. ಹುಡುಗ ಬಿಲ್ಲು ಮಾಡ್ಬೇಕು ಅಂತ 10 ಒಳ್ಳೇ ಜಾತಿ ಮರ, 10 ಪೈನ್ ತಿರುಳು ಕೂಡಿಟ್ಟಿದ್ದ. ಆ ಒಳ್ಳೇ ಮರ ಕಡಿಯಕ್ಕೆ ಕಂಚಿನ ಕೊಡಲಿ ಬೇಕು, ನಮ್ಮ ಹತ್ರ ಕಲ್ಲಿಂದು, ಅದಕ್ಕೆ ಇವನು ಟ್ರೋಲ್ ಅನ್ನೋ ನೀಲಿ ದೈತ್ಯನ್ನ ರೇಗಿಸಿ, ಬರ್ಚ್ ಮರದ ಹಿಂದೆ ಬಚ್ಚಿಟ್ಕೊಂಡು, ಅದು ಬೀಸಿದ ಏಟಿಗೆ ಮರ ಬೀಳೋ ಹಂಗೆ ಮಾಡಿ, ಮೂರು ಸಲ ಸತ್ತು, ಸಂಪಾದಿಸಿದ್ದು. "ಮಾಮ, ಇದು ಸ್ವಲ್ಪ ಇಟ್ಕೊಂಡಿರಿ, ಊಟ ಮಾಡ್ಕೊಂಡು ಬರ್ತೀನಿ" ಅಂದ. ನಾನು ಗೂಡಿನ ಮುಂದೆ ನಿಂತು ಸೌದೆ ತುಂಬಕ್ಕೆ ಇ ಬಟನ್ ಒತ್ತುತಾ ಇದ್ದೆ. ಆ ಗೂಡಿಗೆ ಮಾಮೂಲಿ ಸೌದೆ ಖಾಲಿಯಾದ್ರೆ ಮೈಮೇಲಿರೋ ಬೇರೆ ಮರಾನೂ ಆಗತ್ತೆ, ಶ್ರೀಗಂಧ ಕೊಟ್ರೂ ನುಂಗತ್ತೆ. ಅವನು ಕೈ ತೊಳ್ಕೊಂಡು ಬರೋ ಹೊತ್ತಿಗೆ ಬಿಲ್ಲು ಇಪ್ಪತ್ತು ಇದ್ದಿಲಾಗಿತ್ತು. ಎರಡು ದಿನ ಮಾತಾಡ್ಲಿಲ್ಲ ಹುಡುಗ.

ಅವನನ್ನ ಸಮಾಧಾನ ಮಾಡಕ್ಕೆ ಕಂಚಿನ ಕೊಡಲಿ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟೆ. ಒಂದು ಕೊಡಲಿಗೆ 8 ಕಂಚು. ಒಂದು ಕಂಚಿಗೆ 2 ತಾಮ್ರ, 1 ತವರ, ಮೂರು ಹಾಕಿದ್ರೆ ಕೈಗೆ ಬರೋದು ಒಂದು, ನಾನು ಹಿಂದೆ ಕಟ್ಟಿದ್ದ ಚೀಟಿ ನೆನಪಾಯ್ತು. ಒಟ್ಟು 24 ಅದಿರು, ಒಂದೊಂದಕ್ಕೆ ಎರಡು ಇದ್ದಿಲು, 48 ಇದ್ದಿಲಿಗೆ 48 ಸೌದೆ. ಒಂದು ಗಟ್ಟಿ ಇಳಿಯಕ್ಕೆ ಅರ್ಧ ನಿಮಿಷ. ಅದಿರು ಹೊರೋ ಕಷ್ಟ ಬೇರೆ, ತಾಮ್ರದ ಅದಿರು ಒಂದಕ್ಕೆ 10 ತೂಕ, ಮನುಷ್ಯ ಹೊರೋದು 300, ಅದರ ಮೇಲೆ ಒಂದು ಕಲ್ಲು ಹೆಚ್ಚಾದ್ರೂ ಒಂಬತ್ತು ತಿಂಗಳ ಬಸುರಿ ಹಂಗೆ ಹೆಜ್ಜೆ ಹಾಕ್ತಾನೆ. ಕ್ಷಣದಲ್ಲಿ ಇನ್ನೊಂದು ಜಾಗಕ್ಕೆ ಹಾರಿಸೋ ಪೋರ್ಟಲ್ ಬಾಗಿಲಲ್ಲಿ ಲೋಹ ದಾಟಲ್ಲ, ನಡ್ಕೊಂಡೇ ತರ್ಬೇಕು. ಅಂದಹಾಗೆ ನಿಜ ಜೀವನದಲ್ಲಿ ಮೂರರಲ್ಲೊಂದು ಪಾಲು ತವರ ಹಾಕಿದ್ರೆ ಕೊಡಲಿ ಆಗಲ್ಲ, ಕೇರಳದ ಆರನ್ಮುಳದಲ್ಲಿ ಮಾಡೋ ಲೋಹದ ಕನ್ನಡಿಗೆ ಹೆಚ್ಚುಕಮ್ಮಿ ಆ ಲೆಕ್ಕ, ಮರಕ್ಕೆ ಹೊಡೆದ್ರೆ ಫಳಾರ್ ಅಂತ ಒಡೆಯತ್ತೆ. ಇದನ್ನ ಹುಡುಗನಿಗೆ ಹೇಳಿದೆ. "ಮಾಮ, ಮೊದ್ಲು ತವರ ತನ್ನಿ" ಅಂದ.

ತವರ ಸಿಗೋದು ನೀರಿನ ದಡದಲ್ಲಿ. ನಮ್ಮ ಮನೆ ಬೆಟ್ಟದ ಮೇಲೆ. ತಾಮ್ರ ರಾಶಿ ಬಿದ್ದಿದೆ, ತವರ ಇಲ್ಲ. ಒಂದು ಭಾನುವಾರ ಹೆಡ್‌ಫೋನ್ ಹಾಕ್ಕೊಂಡು ನಾನು ಜೋರಾಗಿ ಗೋಳಾಡ್ತಿದ್ದೆ: "ತಾಮ್ರದ್ದೇನೂ ತೊಂದ್ರೆ ಇಲ್ಲ ಕಣೋ, ತವರದ್ದೇ ತಲೆನೋವು. ಇಷ್ಟು ದಿನ ಆಯ್ತು, ತವರದಿಂದ ಏನ್ ಪ್ರಯೋಜನ ಆಗಿದೆ ಹೇಳು? ಬಂದಿದ್ದೇ ಎರಡು ಪೀಸು!" ಅಡುಗೆಮನೇಲಿ ಲಟ್ಟಣಿಗೆ ನಿಂತ ಸದ್ದು ನನಗೆ ಕೇಳಿಸ್ಬೇಕಿತ್ತು, ಹೆಡ್‌ಫೋನ್ ಇತ್ತಲ್ಲ. ತಿರುಗಿ ನೋಡಿದ್ರೆ ಹೆಂಡತಿ ಬಾಗಿಲಲ್ಲಿ. "ಏನ್ರೀ ಅದು, ನಮ್ಮ ತವರಿಂದ ಬಂದಿದ್ದು ಎರಡೇ ಪೀಸಾ? ಆ ಬೀರು ಯಾರು ಕೊಟ್ಟಿದ್ದು?"

ತವರು ಅಲ್ಲ, ತವರ, ಪಾತ್ರೆಗೆ ಕಲಾಯಿ ಹಾಕ್ತಾರಲ್ಲ ಅದು ಅಂತ ಸ್ಕ್ರೀನ್ ತೋರಿಸಿ, ತಾಮ್ರ ತೋರಿಸಿ, ಕುಲುಮೆ ತೋರಿಸಿ ಬಿಡಿಸಿ ಹೇಳಿದೆ. ಅವಳು ಎಲ್ಲಾ ಕೇಳಿಸ್ಕೊಂಡು "ಹ್ಞೂಂ" ಅಂದ್ಲು. ಮದುವೆಯಾದೋರಿಗೆ ಆ ಹ್ಞೂಂ ಗೊತ್ತು. ಸಂಜೆ ಅವಳ ಅಮ್ಮನ ಜೊತೆ ಮುಕ್ಕಾಲು ಗಂಟೆ ಫೋನು.

ಅಂತೂ ಕೊಡಲಿ ಆಯ್ತು. ಹುಡುಗ ಒಂದು ವಾರ ಕಡಿದ, ಸವೆದು ಹೋಯ್ತು. ನಾನು ಅದನ್ನ ಗುಜರಿ ಪೆಟ್ಟಿಗೆಗೆ ಹಾಕಿ ಮತ್ತೆ 8 ಕಂಚು ಸುರಿದು ಹೊಸದು ಮಾಡಿದೆ. ಕುಲುಮೆ ಹತ್ರ ನಿಂತು ಸುತ್ತಿಗೆ ಚಿಹ್ನೆ ಒತ್ತಿದ್ರೆ ರಿಪೇರಿ ಪುಕ್ಕಟೆ ಅಂತ ಗೊತ್ತಾಗಿದ್ದು ಮೂರನೇ ಕೊಡಲಿ ಆದ್ಮೇಲೆ. ಅಷ್ಟರಲ್ಲಿ ತವರದ ಸ್ಟಾಕ್ ಮತ್ತೆ ಸೊನ್ನೆ.

ಮುಂದಿನ ಶನಿವಾರ ಚನ್ನರಾಯಪಟ್ಟಣದಿಂದ ನಮ್ಮತ್ತೆ ಬಂದಿಳಿದ್ರು, ಎರಡು ಚೀಲ ತೆಂಗಿನಕಾಯಿ, ಒಂದು ಹಲಸಿನಹಣ್ಣು, ಹಳೇ ಕಂಚಿನ ತಂಬಿಗೆ ಒಂದು. "ತಗೊಳ್ಳಿ ಅಳಿಯಂದ್ರೇ, ಏನೂ ಬರ್ತಿಲ್ಲ ಅಂತಿದ್ರಂತೆ" ಅಂತ ನಗ್ತಾ ಇಟ್ರು. ನಾನು "ಅಯ್ಯೋ ಅತ್ತೆ, ಅದು ಹಂಗಲ್ಲ..." ಅಂತ ಎದ್ದೆ, ಎದ್ದ ರಭಸಕ್ಕೆ ಹೆಡ್‌ಫೋನ್ ಪಿನ್ನು ಕಿತ್ಕೊಂಡು ಬಂತು, ಸ್ಪೀಕರಲ್ಲಿ ಹುಡುಗ ಮನೆ ತುಂಬಾ ಕೂಗಿದ:

"ಮಾಮ, ಇದು ಯಾವ ಮೂಲೆಗೆ ಸಾಲತ್ತೆ? ತವರದ್ದು ಇನ್ನೂ ಹತ್ತಾದ್ರೂ ಕಿತ್ಕೊಂಡು ಬನ್ನಿ!"