ಶಾಲೆ ತೋಟಕ್ಕೆ ಊರಿನ ಅಜ್ಜಿ ತಾತಂದಿರನ್ನು ಕರೆಯಿರಿ

ನಮ್ಮ ಹಳ್ಳಿಗಳ ಸರ್ಕಾರಿ ಶಾಲೆ ಗೇಟಿನೊಳಗೆ ಅರವತ್ತು ದಾಟಿದವರು ಯಾವಾಗ ಕಾಲಿಡುತ್ತಾರೆ ಅಂತ ಒಮ್ಮೆ ಯೋಚಿಸಿ ನೋಡಿ. ಓಟು ಹಾಕುವ ದಿನ. ಆಮೇಲೆ ಆಗಸ್ಟ್ 15ಕ್ಕೆ ಒಂದಿಬ್ಬರು, ಮೊಮ್ಮಕ್ಕಳ ಡ್ಯಾನ್ಸ್ ನೋಡೋಕೆ. ಅಷ್ಟೇ. ಉಳಿದ ದಿನವೆಲ್ಲ ತಾತಂದಿರು ಹೊರಗೆ ಅರಳಿಕಟ್ಟೆ ಮೇಲೆ ಕೂತಿರುತ್ತಾರೆ, ಮಕ್ಕಳು ಒಳಗೆ ಕೂತಿರುತ್ತಾರೆ, ನಡುವೆ ಕಾಂಪೌಂಡು. ಇದು ಸರಿಯಿಲ್ಲ ಅಂತ ನನಗೆ ತುಂಬಾ ದಿನದಿಂದ ಅನ್ನಿಸುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟು: ಶಾಲೆ ಕೈತೋಟ ಬರೀ ಮಕ್ಕಳು, ಮೇಷ್ಟ್ರ ಕೆಲಸ ಆಗಿರುವ ತನಕ ಅದು ಉಳಿಯುವುದಿಲ್ಲ. ಊರಿನ ವಯಸ್ಸಾದವರು ಒಳಗೆ ಬಂದರೆ ಉಳಿಯುತ್ತದೆ. ಅವರನ್ನು ಅತಿಥಿಗಳಾಗಿ ಕರೆದು ಹಾರ ಹಾಕಿ ಕಳಿಸುವುದು ಬೇಡ. ತೋಟದ ಕೆಲಸವನ್ನೇ ಅವರ ಕೈಗೆ ಕೊಡಿ.

ಜೂನ್ 5ಕ್ಕೆ ಪರಿಸರ ದಿನ ಅಂತ ಎಲ್ಲಾ ಶಾಲೆಗಳಲ್ಲೂ ಗಿಡ ನೆಡುತ್ತಾರೆ, ಫೋಟೋ ಹಾಕುತ್ತಾರೆ. ಮಳೆ ಇರುವಷ್ಟು ದಿನ ಚೆನ್ನಾಗಿಯೇ ಇರುತ್ತದೆ. ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಶುರುವಾದರೆ ಮತ್ತೆ ಶಾಲೆ ತೆಗೆಯುವುದು ಮೇ ಕೊನೆಗೆ. ನಮ್ಮ ತುಮಕೂರು ಕಡೆ ನೆಲ ಕಾದು ಬಿರುಕು ಬಿಡುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತಾರೆ, ಮೇಷ್ಟ್ರು ಅವರ ಊರಿಗೆ ಹೋಗಿರುತ್ತಾರೆ. ನೀರು ಹಾಕುವವರು ಯಾರು? ಇನ್ನು ತೋಟದ ಮೇಲೆ ಪ್ರಾಣವಿಟ್ಟಿದ್ದ ಒಬ್ಬ ಮೇಷ್ಟ್ರಿಗೆ ವರ್ಗಾವಣೆ ಆಯಿತೋ, ಮುಗಿಯಿತು, ಮುಂದಿನ ಮಳೆಗಾಲಕ್ಕೆ ಅಲ್ಲಿ ಪಾರ್ಥೇನಿಯಂ. ಮೇಷ್ಟ್ರಿಗೆ ವರ್ಗ ಆಗುತ್ತದೆ, ಮಕ್ಕಳು ಪಾಸಾಗಿ ಹೈಸ್ಕೂಲಿಗೆ ಹೋಗುತ್ತಾರೆ. ಊರಲ್ಲೇ ಉಳಿಯುವವರು ಅಜ್ಜಿ ತಾತಂದಿರು ಮಾತ್ರ ಅಲ್ವಾ?

ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿದ್ದು 2019ರಲ್ಲಿ. ನರೇಗಾದಲ್ಲಿ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಮೈದಾನದ ಜೊತೆ ಕೈತೋಟವೂ ಆಗಿದೆ. ಅಂದರೆ ತೋಟ ಮಾಡಿಕೊಡುವುದಕ್ಕೆ ದಾರಿ ಇದೆ. ಅದನ್ನು ವರ್ಷಪೂರ್ತಿ ನೋಡಿಕೊಳ್ಳುವ ಕೈಗಳು ಇಲ್ಲ.

ಬೆಳೆದರೆ ಎಷ್ಟು ಉಪಯೋಗ ಅಂತ ಲೆಕ್ಕ ಹಾಕಿ. ಬಿಸಿಯೂಟದ ನಿಯಮದಲ್ಲಿ ಒಂದರಿಂದ ಐದನೇ ತರಗತಿ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟಕ್ಕೆ 75 ಗ್ರಾಂ. ಅರವತ್ತು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ದಿನಕ್ಕೆ 3 ಕೆಜಿ ಆಯಿತು. ಟೊಮೆಟೊ ರೇಟು ಏರಿದ ವಾರ ಸಾಂಬಾರು ನೀರಾಗುವುದನ್ನು ನೋಡಿದವರಿಗೆ ಈ ಮೂರು ಕೆಜಿ ಏನು ಅಂತ ಗೊತ್ತು. ಶಾಲೆ ಹಿಂದಿನ ನಾಲ್ಕು ಮಡಿ ತೋಟ ದಿನಾ ಮೂರು ಕೆಜಿ ಕೊಡಲ್ಲ, ಸುಳ್ಳು ಹೇಳುವುದು ಬೇಡ. ಆದರೆ ಎರಡು ನುಗ್ಗೆ ಮರ, ಒಂದು ಕರಿಬೇವು, ತಟ್ಟೆ ತೊಳೆದ ನೀರು ಹೋಗುವ ಜಾಗದಲ್ಲಿ ಬಾಳೆ, ಎರಡು ಮಡಿ ದಂಟು, ಒಂದು ಬಸಳೆ ಚಪ್ಪರ ಇದ್ದರೆ ವಾರದಲ್ಲಿ ಎರಡು ದಿನ ಮಕ್ಕಳ ಅನ್ನಕ್ಕೆ ಹಸಿರು ಬೀಳುತ್ತದೆ.

ಈಗ ಸೊಪ್ಪಿನ ವಿಷಯಕ್ಕೆ ಬರುತ್ತೇನೆ. ನನಗೆ ಈ ಇಡೀ ವಿಚಾರ ತಲೆಗೆ ಹತ್ತಿದ್ದೇ ಅಲ್ಲಿಂದ. ನನಗೆ ಪರಿಚಯದ ಒಂದು ಶಾಲೆಯಲ್ಲಿ ಮಕ್ಕಳು ತೋಟದಲ್ಲಿ ಕಳೆ ಕೀಳುತ್ತಿದ್ದರು. ಮೊಮ್ಮಗಳಿಗೆ ಮರೆತ ನೀರಿನ ಬಾಟಲಿ ಕೊಡೋಕೆ ಬಂದಿದ್ದ ಅಜ್ಜಿ ಒಬ್ಬರು ನೋಡಿ, "ಏ ಮಗಾ, ಕಿತ್ತಾಕ್ಬೇಡ್ರೋ, ಅದು ಅಣ್ಣೆ ಸೊಪ್ಪು" ಅಂದರು. ಮಕ್ಕಳು ಕಳೆ ಅಂತ ಹಾಕಿದ್ದ ರಾಶಿ ಮುಂದೆ ಅಲ್ಲೇ ಕೂತು ಬಿಡಿಸಿದರು. ಇದು ಅಣ್ಣೆ, ಇದು ಗೋಣಿ ಸೊಪ್ಪು, ಇದು ಹೊನಗೊನ್ನೆ, ಇದು ಗಣಿಕೆ, ಇದು ತಿನ್ನೋದಲ್ಲ ಬಿಸಾಕು. ನಮ್ಮ ಕಡೆ ಬೆರಕೆ ಸೊಪ್ಪಿನ ಮಸ್ಸೊಪ್ಪು ಅಂದರೆ ಮುದ್ದೆ ಜೊತೆ ಎರಡು ತುತ್ತು ಜಾಸ್ತಿ ಇಳಿಯುತ್ತದೆ. ಬೆರಕೆ ಸೊಪ್ಪು ಅಂಗಡಿಯಲ್ಲಿ ಸಿಗಲ್ಲ, ಗುರುತು ಹಿಡಿಯುವ ಕಣ್ಣು ಬೇಕು. ಆ ಕಣ್ಣು ಈಗ ಎಪ್ಪತ್ತು ದಾಟಿದವರ ಹತ್ತಿರ ಇದೆ. ನನ್ನ ವಯಸ್ಸಿನವರಲ್ಲಿ ಅರ್ಧಂಬರ್ಧ. ಮಕ್ಕಳಲ್ಲಿ ಇಲ್ಲವೇ ಇಲ್ಲ. ಯಾವುದು ತಿನ್ನುವ ಸೊಪ್ಪು, ಯಾವುದು ಮುಟ್ಟಬಾರದ್ದು ಅಂತ ಪಕ್ಕದಲ್ಲಿ ಕೂತು ಕೈಗೆ ಕೊಟ್ಟು ಕಲಿಸಬೇಕು, ಪುಸ್ತಕದ ಚಿತ್ರ ನೋಡಿ ಕೀಳೋಕೆ ಹೋದರೆ ಅಪಾಯ.

ಬೀಜದ ಕತೆಯೂ ಹಾಗೆಯೇ. ಅಂಗಡಿ ಪ್ಯಾಕೆಟ್ ಬೀಜ ಹಾಕಿ, ಅದರಿಂದ ಮುಂದಿನ ವರ್ಷಕ್ಕೆ ಬೀಜ ತೆಗೆಯದೆ, ಮತ್ತೆ ಪ್ಯಾಕೆಟ್ಟಿಗೆ ಕಾಯುವುದು ಎಷ್ಟು ಶಾಲೆಗಳಲ್ಲಿ ನಡೆಯುತ್ತಿಲ್ಲ ಹೇಳಿ. ಸೋರೆ ಬೀಜ ಬೂದಿಯಲ್ಲಿ ಹೊರಳಿಸಿ ಒಣಗಿಸಿ ಇಡುವುದು, ಅವರೆ ಗಿಡಕ್ಕೆ ಹೇನು ಹತ್ತಿದರೆ ಬೆಳಗಿನ ಇಬ್ಬನಿ ಇರುವಾಗಲೇ ಬೂದಿ ಎರಚುವುದು, ರಾಗಿ ನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದು. ಇದೆಲ್ಲ ಯಾರ ಮನೆಯಲ್ಲಿ ಇನ್ನೂ ನಡೆಯುತ್ತಿದೆ ನೋಡಿ, ಅಲ್ಲೊಬ್ಬರು ಅಜ್ಜಿ ಇರುತ್ತಾರೆ. ಇನ್ನು ಮಳೆ ಲೆಕ್ಕ. ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ರೋಹಿಣಿ ಮಳೆ ನಡೆಯುತ್ತಿರುತ್ತದೆ, ಜೂನ್ 7, 8ಕ್ಕೆ ಮೃಗಶಿರಾ, 21, 22ಕ್ಕೆ ಆರಿದ್ರಾ. "ಆದ್ರೆ ಆರಿದ್ರೆ, ಇಲ್ಲದಿದ್ರೆ ದರಿದ್ರ" ಅನ್ನುವ ಗಾದೆ ಗೋಡೆ ಮೇಲೆ ಬರೆದು, ಪಕ್ಕದಲ್ಲಿ ಆ ವರ್ಷ ಯಾವ ಮಳೆಗೆ ಎಷ್ಟು ಬಂತು ಅಂತ ಮಕ್ಕಳು ಬರೆಯುತ್ತಾ ಹೋಗಲಿ. ತಾತ ಹೇಳಿದ್ದು ಸರಿಯಾ, ಮಳೆ ದಾರಿ ತಪ್ಪಿದೆಯಾ ಅಂತ ಇಬ್ಬರೂ ಕೂತು ನೋಡಲಿ. ಇದಕ್ಕಿಂತ ಒಳ್ಳೆ ವಿಜ್ಞಾನದ ಪಾಠ ಯಾವುದಿದೆ?

ವಯಸ್ಸಾದವರಿಗೆ ಏನು ಸಿಗುತ್ತದೆ ಅಂತ ಕೇಳಬಹುದು. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇವರಿಬ್ಬರು ಇಲ್ಲ ಒಬ್ಬರೇ, ಮಧ್ಯಾಹ್ನ ಪೂರ್ತಿ ಟಿವಿ. ಮಾತಾಡಿಸುವವರಿಲ್ಲದೆ ಸೊರಗುವವರನ್ನು ಎಷ್ಟು ಜನ ನೋಡಿಲ್ಲ ನಾವು. ಶನಿವಾರ ಬೆಳಗಿನ ಶಾಲೆ. ಅದರಲ್ಲೂ ತಿಂಗಳಿಗೊಮ್ಮೆ ಬ್ಯಾಗಿಲ್ಲದ ಸಂಭ್ರಮ ಶನಿವಾರ ಅಂತ ಇಲಾಖೆಯೇ ಮಾಡಿದೆ. ಆ ದಿನ ತೋಟಕ್ಕೆ ಬನ್ನಿ ಅಂತ ಹತ್ತು ಜನರನ್ನು ಕರೆದರೆ ಸಾಕು. ಒಬ್ಬರಿಗೆ ಮೂರು ಮಕ್ಕಳು, ಒಂದು ಮಡಿ. ಗುದ್ದಲಿ ಕೆಲಸ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಅಪ್ಪಂದಿರು ಮಾಡಿಕೊಡಲಿ, ಇವರು ಕೂತು ಹೇಳಲಿ. ಮುಗಿದ ಮೇಲೆ ಮಕ್ಕಳ ಜೊತೆಯೇ ಕೂತು ಒಂದು ತಟ್ಟೆ ಉಪ್ಪಿಟ್ಟೋ ಚಿತ್ರಾನ್ನವೋ ತಿನ್ನಲಿ.

ಇದಕ್ಕೆ ತೊಡಕುಗಳೂ ಇವೆ. "ನಮ್ಮ ಮಕ್ಕಳ ಕೈಲಿ ಕೂಲಿ ಮಾಡಿಸ್ತೀರಾ" ಅಂತ ತಂದೆ ತಾಯಿ ಬರುತ್ತಾರೆ, ಅವರ ಸಿಟ್ಟಿನಲ್ಲಿ ನ್ಯಾಯವಿದೆ, ಯಾಕೆಂದರೆ ಮಕ್ಕಳಿಂದ ಮಾಡಿಸಬಾರದ ಕೆಲಸ ಮಾಡಿಸಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಹೆಣ್ಣುಮಕ್ಕಳು ಮಾತ್ರ ಕೊಡ ಹೊರುವುದು, ಗಂಡುಮಕ್ಕಳು ಕ್ರಿಕೆಟ್ ಆಡುವುದು ಆಗಬಾರದು. ಹೊರಗಿನವರನ್ನು ಒಳಗೆ ಬಿಡೋಕೆ ಹೆಡ್‌ಮೇಷ್ಟ್ರು ಹಿಂಜರಿಯುತ್ತಾರೆ. ಎಸ್‌ಡಿಎಂಸಿ ಸಭೆಯಲ್ಲಿ ಹೆಸರು ಬರೆದು ಒಪ್ಪಿಗೆ ಪಡೆಯಿರಿ, ತೋಟದ ಹೊತ್ತಿನಲ್ಲಿ ಒಬ್ಬ ಟೀಚರ್ ಜೊತೆಗಿರಲಿ. ಬೀಡಿ, ಹೊಗೆಸೊಪ್ಪು ಗೇಟಿನಾಚೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಜಾತಿ. ಅಡುಗೆಯವರ ಜಾತಿ ನೋಡಿ ಮಕ್ಕಳಿಗೆ ಬಿಸಿಯೂಟ ಬಿಡಿಸಿದ ಊರುಗಳ ಸುದ್ದಿ ಈಗಲೂ ಬರುತ್ತದೆ. "ಊರಿನ ಹಿರಿಯರು" ಅಂದ ಕೂಡಲೇ ದೊಡ್ಡ ಮನೆಯ ಯಜಮಾನರನ್ನೇ ಕರೆದರೆ ತೋಟ ಅವರದಾಗುತ್ತದೆ, ಕೇರಿಯ ಅಜ್ಜಿ ಗೇಟಿನ ಹೊರಗೇ ನಿಲ್ಲುತ್ತಾರೆ. ಆದರೆ ಜೀವಮಾನವಿಡೀ ಬೇರೆಯವರ ಹೊಲದಲ್ಲಿ ಕಳೆ ಕಿತ್ತು, ನಾಟಿ ಹಾಕಿ, ಕುಯ್ದವರು ಯಾರು? ಮಣ್ಣಿನ ವಿಷಯ ಜಾಸ್ತಿ ಗೊತ್ತಿರುವುದು ಅವರಿಗೆ. ನನ್ನ ಕೇಳಿದರೆ ಮೊದಲ ಕರೆ ಅವರಿಗೇ ಹೋಗಬೇಕು, ಹೇಳಿಕೊಡುವವರ ಜಾಗದಲ್ಲಿ ಅವರು ಕೂರಬೇಕು, ಅವರು ಬಿಡಿಸಿದ ಸೊಪ್ಪಿನ ಸಾರನ್ನು ಎಲ್ಲರ ಮಕ್ಕಳೂ ಉಣ್ಣಬೇಕು. ಇದಕ್ಕೆ ಒಪ್ಪದವರು ಇದ್ದರೆ ಅವರಿಗಾಗಿ ತೋಟದ ನಿಯಮ ಬದಲಾಯಿಸಬಾರದು.

ಅಂಕೋಲಾದ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಶುರು ಮಾಡಿ, ಯಾವ ಬೀಜ ಯಾವಾಗ ಆರಿಸಬೇಕು ಅನ್ನುವುದರಲ್ಲಿ ಅಧಿಕಾರಿಗಳಿಗೇ ಹೇಳಿಕೊಡುವಷ್ಟು ಬಲ್ಲವರಾಗಿದ್ದರು. 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡಾಗ ನಾವೆಲ್ಲ ಆ ಫೋಟೋ ಶೇರ್ ಮಾಡಿದೆವು. ಅಂಥ ತಿಳಿವಳಿಕೆ ಇರುವವರು ನಮ್ಮ ಊರಲ್ಲೂ ಇದ್ದಾರೆ, ಅವರನ್ನು ಶಾಲೆ ಒಳಗೆ ಕರೆದವರಿಲ್ಲ.

ಬೇಸಿಗೆ ರಜೆಗೆ ಒಂದು ವ್ಯವಸ್ಥೆ ಹೇಳುತ್ತೇನೆ. ಆ ತಿಂಗಳುಗಳಲ್ಲಿ ನೀರು ಹಾಕಿದವರೇ ಆಗ ಬಂದ ಸೊಪ್ಪು, ಕಾಯಿ ಮನೆಗೆ ತಗೊಂಡು ಹೋಗಲಿ. ಬೀಜ ಮಾತ್ರ ಶಾಲೆಗೆ ಬಿಡಲಿ. ಗೇಟಿನ ಒಂದು ಕೀ ಅವರ ಹತ್ತಿರ ಇರಲಿ, ಬೋರು ಕೈಕೊಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಹೇಳಿಟ್ಟಿರಿ.

ಬೆಂಗಳೂರಿನಲ್ಲಿದ್ದು ಓದಿದ ಶಾಲೆಗೆ ಏನಾದರೂ ಮಾಡಬೇಕು ಅಂತಿರುವವರು ನನ್ನ ಸ್ನೇಹಿತರಲ್ಲಿ ತುಂಬಾ ಜನ ಇದ್ದೀರಿ. ಗೋಡೆಗೆ ಬಣ್ಣ ಹೊಡೆಸುವುದು ಒಳ್ಳೆಯದೇ. ಈ ಸಲ ಅದರ ಬದಲು ನೀರಿನ ಡ್ರಮ್ಮು, ಪೈಪು, ಮೇಕೆ ನುಗ್ಗದ ಹಾಗೆ ಬೇಲಿ ಕೊಡಿಸಿ. ಮುಂದಿನ ಸಲ ಊರಿಗೆ ಹೋದಾಗ ಶನಿವಾರ ಬೆಳಗ್ಗೆ ನಿಮ್ಮ ಅಮ್ಮನನ್ನೇ ಶಾಲೆಗೆ ಕರೆದುಕೊಂಡು ಹೋಗಿ, ಪಕ್ಕದ ಕೇರಿಯ ಅವರ ವಯಸ್ಸಿನವರನ್ನೂ ಜೊತೆಗೆ ಕರೆದುಕೊಳ್ಳಿ, "ಮೇಷ್ಟ್ರೇ, ಇವರಿಗೊಂದು ಮಡಿ ಕೊಡಿ" ಅಂತ ಕೇಳಿ.