ಆಪು ಕಿತ್ತರೆ ಜವುಳು ಹೋಗುವುದಿಲ್ಲ

ತುಂಗಭದ್ರಾ ಕಾಲುವೆಯ ನೀರುಣ್ಣುವ ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ, ನೀರು ಬಸಿಯದೆ ಜವುಳಾದ ತಗ್ಗು ಗದ್ದೆಗಳಲ್ಲಿ ಆಪು (ಉದ್ದ ಎಲೆಯ ಜೌಗು ಹುಲ್ಲು) ಎದ್ದ ಕೂಡಲೇ ಕಳೆ ಸಾಯಿಸುವ ಎಣ್ಣೆ ಹೊಡೆಯುತ್ತಾರೆ. ಅದು ಮತ್ತೆ ಚಿಗುರುತ್ತದೆ. ಅಡಿಯಲ್ಲಿ ಬೇರುಗಡ್ಡೆ ಉಳಿದಿರುವುದಷ್ಟೇ ಅಲ್ಲ, ಅದನ್ನು ಕರೆದ ನೀರೂ ಅಲ್ಲೇ ಇದೆಯಲ್ಲ!

ಗಿಡಗಳು ಬರುವ ಸರದಿ ನೋಡಿ. ಮೊದಲು ಜೇಕಿನ ಕಳೆ ಹೆಚ್ಚುತ್ತದೆ, ಅಂದರೆ ಅಂತರ್ಜಲ ಮೇಲೆ ಬಂದಿದೆ. ಆಮೇಲೆ ಆಪು, ಅಂದರೆ ನೆಲ ವರ್ಷವಿಡೀ ಒಣಗುತ್ತಿಲ್ಲ. ಕೊನೆಗೆ ಭತ್ತದ ನಡುವೆ ಬೋಳು ಜಾಗ, ಅದರ ಅಂಚಿಗೆ ದಪ್ಪ ಎಲೆಯ, ಕಚ್ಚಿದರೆ ಉಪ್ಪೆನಿಸುವ ಗಿಡ, ಬದುವಿನ ಮೇಲೆ ಬಳ್ಳಾರಿ ಜಾಲಿ, ಅಂದರೆ ಉಪ್ಪು ಏರಿದೆ. ಉಪ್ಪನ್ನು ಅಳೆಯುವುದು ಇಸಿಯಲ್ಲಿ, ಅಂದರೆ ನೀರು ತುಂಬ ನೆನೆಸಿದ ಮಣ್ಣಿನಿಂದ ಹಿಂಡಿದ ರಸದ ವಿದ್ಯುತ್ ವಾಹಕತೆಯಲ್ಲಿ (ಡೆಸಿಸೀಮೆನ್ಸ್/ಮೀಟರ್). ಪುಸ್ತಕದ ಲೆಕ್ಕಕ್ಕೆ ಅದು 4 ದಾಟಿದರೆ ಸವಳು, ಅಂದರೆ ಉಪ್ಪು ನೆಲ. ಭತ್ತದ ಇಳುವರಿ 3ಕ್ಕೇ ಇಳಿಯತೊಡಗುತ್ತದೆ, ಜೋಳ 6.8, ಹತ್ತಿ 7.7ರವರೆಗೆ ತಾಳುತ್ತವೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ 1:2.5 (ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು) ಎಂದಿದ್ದರೆ ಈ ಅಂಕಿಗಳ ಜೊತೆ ಹೋಲಿಸಬೇಡಿ. ಅದರಲ್ಲಿ ನೀರು ಹೆಚ್ಚು ಬೆರೆಸಿರುವುದರಿಂದ ಇಸಿ ಕಡಿಮೆ ಕಾಣುತ್ತದೆ.

ಕಡಲ ದಂಡೆಯ ಜೌಗಿನಲ್ಲೂ ಗಿಡಗಳಿಗೆ ಇಂಥದೇ ಸಾಲುಂಟು. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಭರತದ ನೀರು ದಿನಕ್ಕೆರಡು ಸಲ ಬಂದು ಹೋಗುವ ಕಡೆ ಕಾಂಡ್ಲಾ (ಉಪ್ಪುನೀರಲ್ಲೇ ಬೆಳೆಯುವ ಗಿಡಮರ). ಒಡ್ಡಿನೊಳಗಿನ ಗಜನಿಯಲ್ಲಿ (ಅಳಿವೆಯ ತಗ್ಗು ಗದ್ದೆ) ಉಪ್ಪು ತಾಳುವ ಕಗ್ಗ ಭತ್ತ. ಬಂದ ನೀರು ಹಿಂದಿರುಗುವಾಗ ಉಪ್ಪನ್ನೂ ಒಯ್ಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಷ್ಟೇ ನೀರು ಮುಟ್ಟುವ ಎತ್ತರದ ಬಯಲು ಬೇಸಿಗೆಯಲ್ಲಿ ಕಡಲಿಗಿಂತ ಉಪ್ಪಾಗಬಲ್ಲದು, ಅಲ್ಲಿ ಕಾಂಡ್ಲಾ ಕೂಡ ಕುಳ್ಳಾಗುತ್ತದೆ. ನಮ್ಮ ಎರೆಹೊಲದ ಗತಿಯೂ ಅದೇ. ಲೀಟರಿಗೆ ಕಾಲು ಗ್ರಾಂ ಉಪ್ಪಿರುವ ಸಿಹಿನೀರನ್ನೇ ಒಟ್ಟು ಒಂದು ಮೀಟರ್ ಎತ್ತರದಷ್ಟು ಹಾಯಿಸಿದರೂ ಎಕರೆಗೆ ಒಂದು ಟನ್ ಉಪ್ಪು ಸೇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. (ಕಗ್ಗವನ್ನೇ ಇಲ್ಲಿಗೆ ತಂದರಾಯಿತು ಅನ್ನಬೇಡಿ. ಅದು ಬೆಳೆಯುವುದು ಮಳೆನೀರು ಉಪ್ಪನ್ನು ತೆಳುವಾಗಿಸಿದ ಕಾಲದಲ್ಲಿ.)

ಬಿಳಿ ಉಪ್ಪು ಕಂಡೊಡನೆ ಜಿಪ್ಸಂ ಸುರಿಯುವುದು ದುಡ್ಡು ದಂಡ. ಜಿಪ್ಸಂ ಬೇಕಾದದ್ದು ಕರಲಿಗೆ: ಪಿಎಚ್ 8.5 ಮೀರಿ, ಸೋಡಿಯಂ ಹೆಚ್ಚಿ, ನೀರು ಇಂಗದ ಮಣ್ಣಿಗೆ. ಬಿಳಿ ಸವಳಿಗೆ ಬೇಕಾದದ್ದು ತೊಳೆಯುವ ನೀರು, ತೊಳೆದ ನೀರಿಗೆ ದಾರಿ. ಒಂದಡಿ ಮಣ್ಣಿನ ಮೂಲಕ ಒಂದಡಿ ನೀರು ಇಂಗಿ ಹೊರಹೋದರೆ ಹತ್ತರಲ್ಲಿ ಎಂಟು ಪಾಲು ಉಪ್ಪು ಕರಗಿ ಹೋಗುತ್ತದೆ. ಬಸಿಯುವ ದಾರಿಯಿಲ್ಲದೆ ನೀರು ಕಟ್ಟಿದರೆ ಮಾತ್ರ ಅಂತರ್ಜಲ ಇನ್ನಷ್ಟು ಮೇಲೇರಿ, ಬೇಸಿಗೆಗೆ ಉಪ್ಪು ಮತ್ತೆ ಮೇಲೆ ಬಂದು ಕೂರುತ್ತದೆ.

ಪರೀಕ್ಷೆಗೆ ಮಣ್ಣು ತೆಗೆಯುವುದು ಸುಗ್ಗಿಯಾದ ಮೇಲೆ, ಕಾಲುವೆಗೆ ನೀರು ಬಿಡುವ ಮುಂಚೆ. ಮೇಲಿನ ಬಿಳಿಯನ್ನಷ್ಟೇ ಕೆರೆದುಕೊಡಬೇಡಿ; 15, 30, 60 ಸೆಂ.ಮೀ.ವರೆಗಿನ ಪದರಗಳನ್ನು ಬೇರೆ ಬೇರೆ ಕಟ್ಟಿ. ಪಕ್ಕದಲ್ಲಿ ಐದಡಿ ಗುಂಡಿ ತೋಡಿ ಮರುದಿನ ನೋಡಿ. ನೀರು ನಿಂತಿದ್ದರೆ ಮೊದಲ ಖರ್ಚು ಬಸಿಗಾಲುವೆಗೆ. ತೂತಿನ ಪೈಪು ಹೂಳುವವರು ಸಾಮಾನ್ಯವಾಗಿ ಮೂರು-ನಾಲ್ಕು ಅಡಿ ಆಳಕ್ಕೆ, ಸುತ್ತ ಜಾಳಿಗೆ ಬಟ್ಟೆ ಸುತ್ತಿ ಹಾಕುತ್ತಾರೆ. ಕೆಡುವುದು ಹೆಚ್ಚಾಗಿ ಪೈಪಲ್ಲ, ಅದರ ಬಾಯಿ: ಹಳ್ಳದಲ್ಲಿ ಆಪು, ಹೂಳು ತುಂಬಿ ನೀರು ಏರಿದರೆ ಪೈಪು ಮುಳುಗುತ್ತದೆ. ಆಪು ಕೀಳಬೇಕಾದ ಜಾಗ ಅದು.