ಸ್ವಾಪಿನವನನ್ನು ಎಬ್ಬಿಸುವುದು ಹೇಗೆ?

500 ಜಿಬಿಯ ಡಿಸ್ಕು, ಮುಕ್ಕಾಲು ಖಾಲಿ. ಆದರೂ ಪ್ರಿಂಟರಿನ ಡ್ರೈವರ್ ಹಾಕಲು ಹೋದರೆ ಲ್ಯಾಪ್‌ಟಾಪ್ ಹೇಳುವುದು ಒಂದೇ ಮಾತು: ಜಾಗ ಇಲ್ಲ. ಮರುದಿನ ಮಕ್ಕಳಿಗೆ ಪರೀಕ್ಷೆ, ಪ್ರಶ್ನೆಪತ್ರಿಕೆ ಇನ್ನೂ ಪರದೆಯ ಮೇಲೆಯೇ ಉಂಟು.

ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಎಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮೇ. ಹಾಗಾಗಿ ಕಾಸರಗೋಡಿನ ಕನ್ನಡ ಮಾಸ್ಟ್ರುಗಳಾದ ನಮಗೆ ಈ ಸಂಕಟ ಹೊಸತಲ್ಲ. ನನಗೆ ಇದನ್ನು ಹಾಕಿಕೊಟ್ಟ ಪುಣ್ಯಾತ್ಮ ಡಿಸ್ಕನ್ನು ಮೂರು ಪಾಲು ಮಾಡಿ, ಸಿಸ್ಟಮ್ಮೂ ಸಾಫ್ಟ್‌ವೇರುಗಳೂ ಕೂರುವ ರೂಟಿಗೆ 25 ಜಿಬಿ ಕೊಟ್ಟು, ಅದರ ಮಗ್ಗುಲಲ್ಲೇ ಮೆಮೊರಿ ಸಾಲದಾಗ ಬಳಸುವ 4 ಜಿಬಿ ಸ್ವಾಪ್ ಕೂರಿಸಿ, ಉಳಿದದ್ದನ್ನೆಲ್ಲ ನಮ್ಮ ಫೈಲುಗಳಿರುವ ಹೋಮಿಗೆ ಬರೆದುಕೊಟ್ಟು ಕೈತೊಳೆದುಕೊಂಡಿದ್ದಾನೆ. ರೂಟಿನಲ್ಲಿ ಜಾಗ ಮಾಡಲು ಆಪ್ಟ್ ಕ್ಲೀನ್ ಮಾಡಿದೆ, ಹಳೆಯ ಕರ್ನಲ್‌ಗಳನ್ನು ಕಿತ್ತೆ, ಜರ್ನಲ್ ಲಾಗ್ ಕತ್ತರಿಸಿದೆ. ಸಿಕ್ಕಿದ ಚೂರುಪಾರು ಜಾಗವನ್ನು ಅಪ್‌ಡೇಟ್ ಒಂದೇ ತುತ್ತಿಗೆ ಮುಗಿಸಿತು.

ಕೊನೆಗೆ ಲೈವ್ ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಲಿನಕ್ಸ್ ಎಬ್ಬಿಸಿ, ಡಿಸ್ಕಿನ ಪಾಲು ಬದಲಿಸುವ ಜಿಪಾರ್ಟೆಡ್ ತೆರೆದೆ. ಹೋಮನ್ನು ಕುಗ್ಗಿಸಬೇಕಾದರೆ ಅದು ಅನ್‌ಮೌಂಟ್ ಆಗಿರಬೇಕು, ಎಂದರೆ ಬಳಕೆಯಲ್ಲಿರಬಾರದು. ಕೂತ ಕೊಂಬೆಯನ್ನು ಕಡಿಯಲು ಲಿನಕ್ಸ್ ಬಿಡುವುದಿಲ್ಲ. ಪರದೆಯಲ್ಲಿ ಬಣ್ಣಬಣ್ಣದ ಚೌಕಗಳು ಸಾಲಾಗಿ ಮೂಡಿದ್ದೇ ತಡ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಬಂದು ನಿಂತರು.

"ಇದು ಯಾರ ಜಾಗದ ಸ್ಕೆಚ್ಚು ಮಾರಾಯ?"

ದೊಡ್ಡಪ್ಪನ ಅರ್ಧ ಆಯುಷ್ಯ ಪಾಲಿನ ವ್ಯಾಜ್ಯದಲ್ಲೇ ಕಳೆದದ್ದು. ಊರಿನಲ್ಲಿ ಸರ್ವೆಯವರು ಚೈನು ಎಳೆದರೆ ಇವರು ಕರೆಯದೆಯೇ ಹಾಜರು. ಡಿಸ್ಕು ಅಂತ ಹೇಳಿದರೂ ಕೇಳಲಿಲ್ಲ, ಕುರ್ಚಿ ಎಳೆದುಕೊಂಡರು.

"ಮೂಡುಬದಿಯವನಿಗೆ ಇಷ್ಟು ಜಾಗ ಬೀಳು ಬಿದ್ದಿದೆ. ಪಡುಬದಿಯವನಿಗೆ ಸ್ವಲ್ಪ ಬಿಟ್ಟುಕೊಡಲಿಕ್ಕೆ ಎಂತ ರೋಗ?"

"ತಾಗಿಕೊಂಡಿರುವ ಜಾಗ ಮಾತ್ರ ಸೇರಿಸಲಿಕ್ಕೆ ಆಗುವುದು ದೊಡ್ಡಪ್ಪ. ನಡುವೆ ಸ್ವಾಪ್ ಉಂಟು."

"ಅವನ ಜಾಗ ಎಷ್ಟು?"

"ನಾಲ್ಕು."

"ನಾಲ್ಕು ಸೆಂಟ್ಸಿನವನಿಗೆ ಇಷ್ಟು ದರ್ಬಾರೋ! ಎಬ್ಬಿಸು ಅವನನ್ನು."

ಎಬ್ಬಿಸಲು ಹೋದರೆ ಸ್ವಾಪಿನ ಪಕ್ಕದಲ್ಲಿ ಬೀಗದ ಕೈಯ ಚಿತ್ರ. ಪೆನ್‌ಡ್ರೈವಿನಿಂದ ಎದ್ದ ಸಿಸ್ಟಮ್ ಹೇಳದೆ ಕೇಳದೆ ಅದನ್ನೇ ಬಳಸಲು ಶುರುಮಾಡಿತ್ತು. "ನೋಡಿದೆಯಾ, ಒಕ್ಕಲು ಕೂರಿಸಿದ್ದಾನೆ!" ಎಂದರು ದೊಡ್ಡಪ್ಪ. ಸ್ವಾಪ್‌ಆಫ್ ಒತ್ತಿದೆ, ಒಕ್ಕಲು ಎದ್ದು ಹೋಯಿತು. ಎಕ್ಸ್‌ಟಿ4 ಫೈಲ್ ಸಿಸ್ಟಮ್ ನೂರಕ್ಕೆ 5 ಪಾಲನ್ನು ರೂಟ್ ಬಳಕೆದಾರನಿಗೆಂದು, ಎಂದರೆ ಸಿಸ್ಟಮ್ಮಿನ ಯಜಮಾನನಿಗೆಂದು, ಮೊದಲೇ ತೆಗೆದಿಡುತ್ತದೆ ಎಂದದ್ದು ಮಾತ್ರ ಅವರಿಗೆ ಬಹಳ ಹಿಡಿಸಿತು. ನಾಗಬನ, ಭೂತಸ್ಥಾನದ ಜಾಗವನ್ನು ಪಾಲಿಗೆ ಹಾಕುವ ಕ್ರಮ ಇಲ್ಲವಷ್ಟೆ. "ಬುದ್ಧಿ ಇದ್ದವನೇ ಮಾಡಿದ್ದು" ಎಂದು ತಲೆಯಾಡಿಸಿದರು.

ಹೋಮಿನ ಎಡಗಡಿಯನ್ನು ಬಲಕ್ಕೆ ಸರಿಸಬೇಕಾದರೆ ಒಳಗಿನ ಫೈಲುಗಳೆಲ್ಲ ಜಾಗ ಬದಲಿಸಬೇಕು, ಗಂಟೆಗಟ್ಟಲೆ ಕೆಲಸ. ನಡುವೆ ಕರೆಂಟು ಹೋದರೆ ಯಕ್ಷಗಾನದ ವಿಡಿಯೋಗಳಿಂದ ಹಿಡಿದು ಮಗಳ ನಾಮಕರಣದ ಫೋಟೋಗಳವರೆಗೆ ಎಲ್ಲವೂ ಗೋವಿಂದ. ಹೊರಗೆ ಮಳೆಗಾಲ, ಲೈನಿನ ಮೇಲೆ ನೆಂಟರ ಹಲಸಿನ ಮರ. ಬ್ಯಾಕಪ್ ತೆಗೆದು, ಬ್ಯಾಟರಿ ತುಂಬಿಸಿ ಅಪ್ಲೈ ಒತ್ತಿದರೆ, ನಿಜವಾಗಿಯೂ ಮಾಡಲೇ ಎಂದು ಅದು ಮತ್ತೊಮ್ಮೆ ಕೇಳಿತು.

"ಇಷ್ಟು ಮರ್ಯಾದೆಯಾದರೂ ಉಂಟು" ಎಂದರು ದೊಡ್ಡಪ್ಪ. "1956ರ ನವೆಂಬರ್ 1ಕ್ಕೆ ನಮ್ಮ ತಾಲೂಕನ್ನೇ ದಕ್ಷಿಣ ಕನ್ನಡದಿಂದ ಎತ್ತಿ ಕೇರಳಕ್ಕೆ ಹಾಕಿದಾಗ ನಮ್ಮನ್ನು ಯಾರು ಕೇಳಿದ್ದಾರೆ?"

ಪರದೆಯಲ್ಲಿ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ತೆವಳುತ್ತಿತ್ತು. ಅವರು ಅಲ್ಲಿಂದ ಏಳಲಿಲ್ಲ. ತಮ್ಮನ ಪಾಲಿಗೆ ಬಾವಿ ಹೋದ ಮೇಲೆ ದೊಡ್ಡಮ್ಮ ಎರಡು ಬೇಸಗೆ ಕೆಳಗಿನ ತೋಡಿನಿಂದ ನೀರು ಹೊತ್ತ ಸಂಗತಿಯನ್ನು ಮೆಲ್ಲಗೆ ಹೇಳಿದರು. ತಮ್ಮ ಈಗ ಇಲ್ಲ. ಬಾವಿಯೂ ಪಾಳುಬಿದ್ದಿದೆ, ಎರಡು ಮನೆಗೂ ಬೋರ್‌ವೆಲ್ ಬಂದಿದೆ.

ನಡುರಾತ್ರಿ ಕೆಲಸ ಮುಗಿಯಿತು. ರೂಟಿಗೆ 60 ಜಿಬಿ, ಸ್ವಾಪಿಗೆ ಹೊಸ ಮನೆ. ಬೆಳಿಗ್ಗೆ ಆನ್ ಮಾಡಿದರೆ ಯಾವುದೋ ಡಿಸ್ಕಿಗೆ ಕಾಯುತ್ತಿದ್ದೇನೆ ಎಂದು ಒಂದೂವರೆ ನಿಮಿಷದ ಲೆಕ್ಕ ಓಡತೊಡಗಿತು. ಹೊಸ ಸ್ವಾಪಿನ ಗುರುತುಸಂಖ್ಯೆ (ಯುಯುಐಡಿ) ಬೇರೆ, ಯಾವ ಪಾಲು ಎಲ್ಲಿ ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯದೇ ಕೂತಿದೆ. ವಿಷಯ ಕೇಳಿದ ದೊಡ್ಡಪ್ಪನಿಗೆ ಚಹಾ ಕುಡಿಯುವಷ್ಟೂ ತಾಳ್ಮೆ ಉಳಿಯಲಿಲ್ಲ.

"ಜಾಗ ಅಳೆದುಕೊಟ್ಟರೆ ಸಾಕೋ? ರಿಜಿಸ್ಟ್ರಿ ಯಾರು ಮಾಡುವುದು, ನಿನ್ನ ಅಜ್ಜನೋ?"